ಸೋದರಮಾವನ ಗಾಡಿಯಲ್ಲಿ

ಗೌರಿಬಿದನೂರು ದಾಟಿದ ಮೇಲೆ

ಪರದೇಶಕ್ಕೆ ಹೋಗಿಬಂದವರೆಲ್ಲ ಹಡಗಿನ ಕಥೆಯಿಂದ ಶುರುಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಮಂಗಳೂರಿನಿಂದ ಬಸ್ಸಿನಲ್ಲಿ ಘಟ್ಟ ಹತ್ತಿ, ವಾಂತಿ ಮಾಡಿಕೊಂಡು, ಮೈಸೂರು ಮಹಾರಾಜರ ಸೀಮೆಯನ್ನು ಅಡ್ಡಡ್ಡ ದಾಟಿ, ಬೆಂಗಳೂರಿನಲ್ಲಿ ರೈಲು ಬದಲಿಸಿ ಹಿಂದೂಪುರದಲ್ಲಿ ಇಳಿದವಳು. ನಕ್ಷೆ ನೋಡಿದರೆ ನಮ್ಮ ಕನ್ನಡ ಜಿಲ್ಲೆಯೂ ಮದರಾಸು ಪ್ರಾಂತ, ಹಿಂದೂಪುರವೂ ಮದರಾಸು ಪ್ರಾಂತ. ಜಗಲಿಯಿಂದ ಹಿತ್ತಿಲಿಗೆ ಹೋದಷ್ಟೇ ಸರಕಾರದ ಲೆಕ್ಕ. ಆದರೆ ಗೌರಿಬಿದನೂರು ದಾಟಿದ ಮೇಲೆ ಕಿಟಕಿಯಿಂದ ನೋಡುತ್ತೇನೆ, ತೆಂಗಿಲ್ಲ, ಹೊಳೆಯಿಲ್ಲ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಎತ್ತ ನೋಡಿದರೂ ಬಂಡೆ. ಇದು ಪರದೇಶವಲ್ಲದಿದ್ದರೆ ಇನ್ನು ಯಾವುದು?

ಎರಡನೆಯ ಮಹಾಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಸೀಮೆಯಿಂದ ಸೀಮೆಗೆ ಅಕ್ಕಿ ಸಾಗಿಸಕೂಡದೆಂಬ ಕಟ್ಟುನಿಟ್ಟು ಇನ್ನೂ ಇತ್ತು. ನನ್ನ ಗಂಟಿನಲ್ಲಿ ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ ಇತ್ತು, ಅದರ ಪಕ್ಕದಲ್ಲಿ ಒಣಮೀನು. ಒಣಮೀನಿನ ವಿಷಯ ರೈಲಿನ ಡಬ್ಬಿಯಲ್ಲಿದ್ದವರಿಗೆಲ್ಲ ಬೆಂಗಳೂರು ಬಿಟ್ಟ ಕೂಡಲೇ ತಿಳಿದಿತ್ತು. ಅಕ್ಕಿಯ ವಿಷಯ ತಿಳಿದದ್ದು ಹಿಂದೂಪುರದ ಸ್ಟೇಷನ್ನಿನಲ್ಲಿ, ತಪಾಸಣೆಯವನು ಗಂಟು ಬಿಚ್ಚಿಸಿದಾಗ. ಅವನು ಒಂದು ಹಿಡಿ ಕೈಗೆ ತೆಗೆದುಕೊಂಡು, ಕೆಂಪಗೆ ದಪ್ಪಗಿದ್ದ ಕಾಳನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದಿ ಬಿಯ್ಯಮಾ?" ಎಂದ. ಇದು ಅಕ್ಕಿಯಾ ಎಂದು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು.

"ಹೌದು, ಅಕ್ಕಿಯೇ," ಎಂದೆ. ಸುಳ್ಳು ಹೇಳುವಷ್ಟು ಬುದ್ಧಿ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಟನ್ನು ವಾಪಸು ಕಟ್ಟಿ, "ಇದ್ರಾಗೆ ಅನ್ನ ಮಾಡ್ಕಂಡು ಉಣ್ಣಾಕಾಯ್ತದಾ? ಕೆಟ್ಟೋಗೈತೆ ಕಣಮ್ಮ, ಹೋಗಿ," ಎಂದು ಕರುಣೆಯಿಂದ ಬಿಟ್ಟುಬಿಟ್ಟ. ನಮ್ಮೂರಿನ ಅನ್ನಕ್ಕೆ ಇಷ್ಟು ದೊಡ್ಡ ಅವಮಾನ ಬೇರೆಲ್ಲೂ ಆಗಿರಲಿಕ್ಕಿಲ್ಲ. ಆದರೂ ಅಕ್ಕಿ ಉಳಿಯಿತಲ್ಲ ಎಂದು ನುಂಗಿಕೊಂಡೆ.

ಹಿಂದೂಪುರ

ನಾನು ಹೋದದ್ದು ಊರು ನೋಡಲಿಕ್ಕಲ್ಲ. ನಮ್ಮ ಪ್ರಾಂತದ ವಿಶ್ವವಿದ್ಯಾನಿಲಯದವರು ಬೇಸಗೆಯಲ್ಲಿ ಒಳನಾಡಿನ ಮಕ್ಕಳಿಗೆಂದು ರಜಾಶಾಲೆ ನಡೆಸುತ್ತಿದ್ದರು. ಮೊದಲು ಕೆಲವು ದಿನ ಹಿಂದೂಪುರ, ಆಮೇಲೆ ಕಲ್ಯಾಣದುರ್ಗ. ಮಕ್ಕಳು ನಮ್ಮ ಜೊತೆಯಲ್ಲೇ ಉಂಡು, ಮಲಗಿ, ಪಾಠ ಕಲಿಯಬೇಕು. ಹೆಣ್ಣುಮಕ್ಕಳೂ ಬರುತ್ತಾರೆ, ಅವರ ಉಸ್ತುವಾರಿಗೆ ಒಬ್ಬ ಹೆಂಗಸು ಬೇಕು ಎಂದಾಗ ಮಂಗಳೂರಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಕೈ ಎತ್ತಿದೆ. ನಮ್ಮ ಮನೆಯವರು ಹೇಳುವ ಪ್ರಕಾರ, ಯಾರ ಮನೆಯ ಬಾಗಿಲು ತೆರೆದಿದ್ದರೂ ಮೂಗು ತೂರಿಸುವುದು ನನ್ನ ಹುಟ್ಟುಗುಣ.

ಮುಖ್ಯಸ್ಥರು ಮಲಬಾರಿನ ಒಬ್ಬ ಪ್ರೊಫೆಸರು. ಬಹಳ ಒಳ್ಳೆಯವರು, ಬಹಳ ಹೆದರುಪುಕ್ಕಲರು. ಪರರ ಮಕ್ಕಳು ನಮ್ಮ ಕೈಯಲ್ಲಿದ್ದಾರೆ ಎಂಬ ಚಿಂತೆಯಲ್ಲೇ ಅವರಿಗೆ ಊಟ ಸೇರುತ್ತಿರಲಿಲ್ಲ. ಬಾವಿಯ ಹತ್ತಿರ ಮಕ್ಕಳು ಹೋಗಕೂಡದು, ದೊಡ್ಡವರೊಬ್ಬರೇ ಒಂದು ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಕೂರಕೂಡದು, ಗುಂಪು ಬಿಟ್ಟು ಯಾವ ಮಗುವೂ ಪೇಟೆಗೆ ಹೋಗಕೂಡದು. ಇವೆಲ್ಲ ಅವರ ಕಟ್ಟಳೆಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದು: ನಡುವೆ ಮಗುವನ್ನು ಕರೆದೊಯ್ಯಲು ಯಾರೇ ಬಂದರೂ ಕೊಡಕೂಡದು. ಕೊಟ್ಟರೆ ಹೆತ್ತವರ ಕೈಗೆ, ಇಲ್ಲವೇ ಸೋದರಮಾವನ ಕೈಗೆ.

ಸೋದರಮಾವ ಎಂಬುದನ್ನು ಸೇರಿಸಿದ್ದಕ್ಕೆ ನಾನು ಗೋಣು ಹಾಕಿದ್ದೇ ಹಾಕಿದ್ದು. ಯಾಕೆ ಹಾಕಬಾರದು? ಮಲಬಾರಿನ ಅವರ ಮನೆತನವೂ ಅಳಿಯಸಂತಾನ, ಮಂಗಳೂರಿನ ನಮ್ಮ ಮನೆತನವೂ ಅಳಿಯಸಂತಾನ. ನಮ್ಮಲ್ಲಿ ಮನೆಯ ಯಜಮಾನ ಎಂದರೆ ಅಪ್ಪ ಅಲ್ಲ, ಅಮ್ಮನ ಒಡಹುಟ್ಟಿದವನು. ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ನನ್ನನ್ನು ಶಾಲೆಗೆ ಹಾಕಿದ್ದು ತಮ್ಮಲೆ, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದು ತಮ್ಮಲೆ. ತಂದೆಗಿಂತ ಒಂದು ತೂಕ ಹೆಚ್ಚು. ಹಾಗಾಗಿ ಇಬ್ಬರು ಅಳಿಯಕಟ್ಟಿನವರು ಸೇರಿ ಈ ಕಟ್ಟಳೆ ಮಾಡಿಟ್ಟೆವು. ಸುತ್ತ ಇದ್ದ ಊರವರೆಲ್ಲ ತಲೆಯಾಡಿಸಿದರು.

ಹಿಂದೂಪುರದ ನೇಕಾರರ ಬೀದಿಗೆ ನಾನು ದಿನಾ ಹೋಗುತ್ತಿದ್ದೆ. ಬಿಸಿಲೆಂದರೆ ಬಿಸಿಲು ಅದು! ನಮ್ಮ ಕಡೆ ಬಿಸಿಲಿಗೆ ಬೆವರು ಬರುತ್ತದೆ, ಇಲ್ಲಿ ಬೆವರು ಹೊರಬರುವ ಮೊದಲೇ ಆರಿಹೋಗುತ್ತದೆ. ಜನ ಮಾತ್ರ ತಂಪು. ಒಂದು ಮಾತು ಕನ್ನಡ, ಒಂದು ಮಾತು ತೆಲುಗು, ಎರಡರ ನಡುವೆ ಹೊಸ್ತಿಲೇ ಇಲ್ಲ. ನಾನು ಬಾಯಿ ತೆರೆದರೆ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನೀವೇನ್ ಟೀಚರಮ್ಮ, ಪುಸ್ತಕ ಓದ್ದಂಗೆ ಮಾತಾಡ್ತೀರಲ್ಲ! ಮನ್ಯಾಗೂ ಹಿಂಗೇನಾ? ಗಂಡಂಗೆ ಬೈಯೋದೂ ಹಿಂಗೇನಾ?" ಎಂದು ಒಬ್ಬಳು ಕೇಳಿದಳು. ಮನೆಯಲ್ಲಿ ತುಳು, ಗಂಡ ಇನ್ನೂ ಆಗಿಲ್ಲ ಎಂದೆ. ಮೊದಲನೆಯದಕ್ಕಿಂತ ಎರಡನೆಯದಕ್ಕೆ ಅವರು ಬೆರಗಾದರು.

ಆ ಬೀದಿಯಲ್ಲೇ ಲಕ್ಷ್ಮಕ್ಕನ ಮನೆ. ಗಂಡ ತೀರಿಕೊಂಡ ಮೇಲೆ ಬೇರೆಯವರ ಮಗ್ಗಕ್ಕೆ ರಾಟೆಯಲ್ಲಿ ನೂಲು ಸುತ್ತಿಕೊಟ್ಟು ಜೀವನ. ಮಗಳು ಚೌಡಮ್ಮ ನಮ್ಮ ರಜಾಶಾಲೆಯ ಹುಡುಗಿ, ಥರ್ಡ್ ಫಾರಂ, ಅಂದರೆ ಎಂಟನೇ ತರಗತಿ, ಮುಗಿಸಿದವಳು, ಇನ್ನೂ ಹದಿಮೂರು ತುಂಬಿರಲಿಲ್ಲ. ಕಲ್ಯಾಣದುರ್ಗಕ್ಕೆ ಹೊರಡುವ ಮುಂಚೆ ಲಕ್ಷ್ಮಕ್ಕ ರಾಟೆ ತಿರುಗಿಸುತ್ತಲೇ ನನ್ನನ್ನು ಹತ್ತಿರ ಕರೆದರು.

"ನಮ್ ಹುಡುಗೀನ ಯಾರ್ ಕೈಗೂ ಕೊಡಬ್ಯಾಡ್ರಿ ಕಣಮ್ಮ."

"ಕೊಡುವುದೇ ಇಲ್ಲ," ಎಂದೆ ನಾನು, ಬಹಳ ಹೆಮ್ಮೆಯಿಂದ. "ನಿಮ್ಮ ಕೈಗೆ, ಇಲ್ಲವೇ ಅವಳ ಸೋದರಮಾವನ ಕೈಗೆ ಮಾತ್ರ. ನೀವು ನಿಶ್ಚಿಂತೆಯಿಂದ ಇರಿ."

ಅವರ ರಾಟೆ ಗಕ್ಕನೆ ನಿಂತಿತು. ನನ್ನ ಮುಖ ನೋಡಿದರು. ಏನೋ ಹೇಳಹೊರಟವರು ನೂಲು ತುಂಡಾಯಿತೆಂದು ಬಗ್ಗಿ ಗಂಟು ಹಾಕತೊಡಗಿದರು. ತಮ್ಮನ ಹೆಸರು ಕೇಳಿ ಕಣ್ಣು ತುಂಬಿತೇನೋ, ಪಾಪ, ಎಂದುಕೊಂಡು ನಾನು ಹೊರಟೆ. ಗಂಡ ಸತ್ತಂದಿನಿಂದ ಮನೆಗೆ ರಾಗಿ ಕಳಿಸುತ್ತಿದ್ದವನು ಆ ತಮ್ಮನೇ ಎಂದು ಬೀದಿಯವರು ಹೇಳಿದ್ದರು.

ಇದ್ದಿಲ ಬಸ್ಸು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಪೆಟ್ರೋಲಿನದಲ್ಲ, ಇದ್ದಿಲಿನದು. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡಿತ್ತು. ಕಂಡಕ್ಟರು ಅದಕ್ಕೆ ಇದ್ದಿಲು ಸುರಿದು, ತಿದಿಯ ಹಿಡಿ ತಿರುಗಿಸಿ ತಿರುಗಿಸಿ, ಹೊಗೆಯಲ್ಲಿ ಕೆಮ್ಮಿ, ಕೊನೆಗೆ ಬಸ್ಸಿಗೆ ಎರಡು ಬೈಗುಳ ಕೊಟ್ಟಾಗ ಅದು ಹೊರಟಿತು. ದಿಣ್ಣೆ ಬಂದಲ್ಲೆಲ್ಲ ಎಲ್ಲರೂ ಇಳಿಯಬೇಕು. ಪ್ರೊಫೆಸರೂ ಪಂಚೆ ಎತ್ತಿಕಟ್ಟಿ ತಳ್ಳಿದರು. ನಮ್ಮ ಘಟ್ಟದ ಬಸ್ಸಿನಲ್ಲಿ ವಾಂತಿಯಾದರೂ ಕೂತೇ ಮಾಡಬಹುದು, ಇಲ್ಲಿ ಆ ಪುರುಸೊತ್ತೂ ಇರಲಿಲ್ಲ.

ಈ ದಾರಿಯ ಚೋದ್ಯ ಹೇಳಬೇಕು. ಮಡಕಶಿರದ ತನಕ ಇಂಗ್ಲಿಷರ ಸೀಮೆ, ಪಾವಗಡದಲ್ಲಿ ಮೈಸೂರು ಸೀಮೆ, ಅಲ್ಲಿಂದ ಮುಂದೆ ಮತ್ತೆ ಇಂಗ್ಲಿಷರದು. ಗಡಿ ಬಂದಾಗಲೆಲ್ಲ ತಪಾಸಣೆಯವರು ಹತ್ತಿ, ಸೀಟಿನ ಕೆಳಗೆಲ್ಲ ಕೋಲು ಹಾಕಿ, ಅಕ್ಕಿ ಇದೆಯೇ, ರಾಗಿ ಇದೆಯೇ ಎಂದು ಕೆದಕುತ್ತಿದ್ದರು. ಮಕ್ಕಳನ್ನು ಮಾತ್ರ ಯಾರವರು, ಎಲ್ಲಿಗೆ ಎಂದು ಒಬ್ಬನೂ ಕೇಳಲಿಲ್ಲ. ನಾನದನ್ನು ಆಗ ತಮಾಷೆಯೆಂದುಕೊಂಡೆ.

ಚೌಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಪ್ರಶ್ನೆ ಕೇಳುವುದರಲ್ಲಿ ನನಗೆ ಸರಿಜೋಡಿ.

"ಟೀಚರಮ್ಮ, ಸಮುದ್ರ ಅಂದ್ರೆ ಕೆರೆ ಥರಾನಾ? ಆಚೆ ದಡ ಕಾಣ್ತದಾ?"

"ಕಾಣುವುದಿಲ್ಲ."

"ಮತ್ತೆ ಐತೆ ಅಂತ ಹೆಂಗ್ ಗೊತ್ತು?"

"ಹೋದವರು ಬಂದು ಹೇಳುತ್ತಾರೆ."

"ನಮ್ಮಜ್ಜಿ ಊರ ಹೆಸರ್ನಾಗೂ ಸಮುದ್ರ ಐತೆ. ಬ್ರಹ್ಮಸಮುದ್ರ. ಕುಡಿಯಾಕೇ ನೀರಿಲ್ಲ," ಎಂದು ನಕ್ಕಳು. ಹೈಸ್ಕೂಲು ಮುಗಿಸಿ ಮಂಗಳೂರಿಗೆ ಬಂದರೆ ನಾನೇ ಸಮುದ್ರ ತೋರಿಸುತ್ತೇನೆ ಎಂದೆ. "ಹೈಸ್ಕೂಲ್ ಮುಗಿಸಾಕ್ ಬಿಟ್ರೆ ಬತ್ತೀನಿ," ಎಂದಳು. ಯಾರು ಬಿಡಬೇಕು ಎಂದು ನಾನು ಕೇಳುವಷ್ಟರಲ್ಲಿ ಇನ್ನೊಂದು ದಿಣ್ಣೆ ಬಂತು, ಇಳಿದು ತಳ್ಳಿದೆವು.

ಕಲ್ಯಾಣದುರ್ಗ

ಕಲ್ಯಾಣದುರ್ಗದಲ್ಲಿ ನಮ್ಮನ್ನು ಒಂದು ಛತ್ರದಲ್ಲಿ ಇಳಿಸಿದರು. ಊಟಕ್ಕೆ ನವಣೆ ಅನ್ನ, ಹುರುಳಿ ಸಾರು. ಮೊದಲ ದಿನ ನಾನು ಆ ಅನ್ನವನ್ನು ಹಕ್ಕಿಗೆ ಹಾಕುವ ಕಾಳು ಎಂದುಕೊಂಡೆ, ಮೂರನೆಯ ದಿನ ಎರಡು ಸಲ ಹಾಕಿಸಿಕೊಂಡೆ. ಪ್ರತೀಕಾರಕ್ಕೆಂದು ನನ್ನ ಕುಚ್ಚಲಕ್ಕಿ ಗಂಜಿ ಮಾಡಿ ಮಕ್ಕಳಿಗೆ ಬಡಿಸಿದೆ. "ಜ್ವರ ಬಂದೋರಿಗಾ?" ಎಂದು ಕೇಳಿದರು.

ಪಾಠಗಳು ಶುರುವಾಗಿ ಕೆಲವು ದಿನಕ್ಕೆ ಈರಣ್ಣ ಬಂದ. ಬಿಳಿಯ ರುಮಾಲು, ಹೊಸ ಪಂಚೆ, ಮುಖದ ತುಂಬ ನಗು. ವಯಸ್ಸು ಇಪ್ಪತ್ತೈದರ ಆಚೆ ಈಚೆ. ಒಂದು ಬುಟ್ಟಿಯಲ್ಲಿ ಕೊಬ್ಬರಿ, ಬೆಲ್ಲ, ಹೂವು, ಚೌಡಮ್ಮನಿಗೆ ಹಸಿರು ಗಾಜಿನ ಬಳೆ. ಲಕ್ಷ್ಮಕ್ಕನ ತಮ್ಮ, ಬ್ರಹ್ಮಸಮುದ್ರದವನು. ಮನೆಯಲ್ಲಿ ದೇವರ ಕೆಲಸವಿದೆ, ಎರಡು ದಿನ ಹುಡುಗಿಯನ್ನು ಕಳಿಸಿ ಎಂದು ಕೈಮುಗಿದ.

ಪ್ರೊಫೆಸರು ಕಟ್ಟಳೆಯ ಪ್ರಕಾರ ಅವಳನ್ನು ಕರೆದು ಕೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ. "ಇವರು ನಿನಗೆ ಏನಾಗಬೇಕು?"

"ಸೋದರಮಾವ."

"ನಿಜವಾಗಿ? ತಾಯಿಯ ಒಡಹುಟ್ಟಿದವರೇ?"

"ಹೂಂ," ಎಂದಳು ನೆಲ ನೋಡುತ್ತ. ಪ್ರೊಫೆಸರ ಮುಖ ಅರಳಿತು. ಅವರು ಮಾಡಿದ ಕಟ್ಟಳೆ ಮೊದಲ ಸಲ ಕೆಲಸಕ್ಕೆ ಬಂದಿತ್ತು. ನನಗಂತೂ ಆ ಬಳೆಗಳನ್ನು ನೋಡಿ ನನ್ನ ತಮ್ಮಲೆ ಜಾತ್ರೆಯಿಂದ ತರುತ್ತಿದ್ದ ಬಳೆಗಳೇ ನೆನಪಾದವು.

ಚೌಡಮ್ಮ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. "ಟೀಚರಮ್ಮ, ನಮ್ಮಜ್ಜಿ ಮನೆ ಪಕ್ದಾಗೆ ಕಂಬಳಿ ನೇಯ್ತಾರೆ. ಕಂಬಳಿಗೆ ಹುಣಸೆಬೀಜದ ಗಂಜಿ ಕುಡಿಸ್ತಾರೆ. ನೀವ್ ಅದ ನೋಡಿಲ್ವಲ್ಲ?"

"ಕಂಬಳಿಗೆ ಗಂಜಿಯೇ? ಹುಣಸೆಬೀಜದ್ದೇ?"

"ಹೂಂ. ಬಿಸಿಲ್ನಾಗೆ ಹಾಸಿ, ಕುಂಚದಾಗೆ ಬಳೀತಾರೆ. ಬನ್ನಿ, ತೋರಿಸ್ತೀನಿ."

ಇನ್ನು ನನ್ನನ್ನು ಹಿಡಿಯುವವರು ಯಾರು? ಪ್ರೊಫೆಸರಿಗೆ ಇಲ್ಲದ ನೆಪ ಹೇಳಿ ಒಪ್ಪಿಸಿದೆ. ಈರಣ್ಣ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಅವನ ಮುಖ ಇನ್ನಷ್ಟು ಅರಳಿ, "ನೀವೇ ಬತ್ತೀರಾ? ಬನ್ನಿ ಬನ್ನಿ, ಒಬ್ರಾದ್ರೂ ಬೇಕಾಗಿತ್ತು," ಎಂದ. ಬೇಕಾಗಿತ್ತು ಎಂದರೇನು ಎಂದು ನಾನು ಯೋಚಿಸಲಿಲ್ಲ, ಹುಣಸೆಬೀಜದ ಗಂಜಿ ತಲೆ ತುಂಬಿತ್ತು.

ಬ್ರಹ್ಮಸಮುದ್ರದ ದಾರಿ

ಬೆಳ್ಳಂಬೆಳಗ್ಗೆ ಗಾಡಿ ಹೊರಟಿತು. ಎರಡು ಕಡೆಯೂ ಉತ್ತು ಬಿಟ್ಟ ಒಣ ಹೊಲ, ದೂರದಲ್ಲಿ ಕುರಿಮಂದೆ, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಈರಣ್ಣ ಒಳ್ಳೆಯ ಮಾತುಗಾರ. ಕಡಲೆಕಾಯಿ ಯಾವಾಗ ಬಿತ್ತುತ್ತಾರೆ, ಈ ಎತ್ತಿಗೆ ಯಾಕೆ ಒಂದು ಕೊಂಬು ಸೊಟ್ಟ ಎಂದು ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಚೌಡಮ್ಮ ಹಿಂದೆ ಕೂತು ಹೊಸ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು.

ಕೇಳುವ ಪ್ರಶ್ನೆಗಳು ಮುಗಿದಾಗ ನಾನು ಕೊನೆಯದನ್ನು ಕೇಳಿದೆ. "ಮದುವೆಯಾಗಿದೆಯೇ ನಿಮಗೆ?"

ಅವನು ನಕ್ಕ. "ಇದೇನ್ ಟೀಚರಮ್ಮ, ಹಿಂಗ್ ಕೇಳ್ತೀರಾ! ನಾಡಿದ್ದೇ ಅಲ್ವಾ?"

"ಓಹೋ! ಹುಡುಗಿ ಯಾರು?"

ಅವನು ಎತ್ತುಗಳನ್ನು ನಿಲ್ಲಿಸಿ ಹಿಂತಿರುಗಿ ನನ್ನನ್ನು ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೋ ಹೇಗೆ ಎಂದು ಅವನಿಗೆ ಅನುಮಾನ. ಆಮೇಲೆ ಗಲ್ಲವೆತ್ತಿ ನನ್ನ ಬೆನ್ನ ಹಿಂದೆ ತೋರಿಸಿದ. "ಇವ್ಳೇ. ನಮ್ಮಕ್ಕನ ಮಗ್ಳು. ಹುಟ್ಟಿದಾಗ್ಲೇ ನಂಗೇ ಅಂತ ಹೇಳಿಟ್ಟಿದ್ರು. ದೊಡ್ಡೋಳಾಗ್ಲಿ ಅಂತ ಕಾಯ್ಕಂಡಿದ್ದೆ, ನಮ್ಮವ್ವಂಗೆ ಈಗ ಮೈ ಸರೀಗಿಲ್ಲ, ಕಣ್ಣಾರೆ ನೋಡ್ಬೇಕಂತೆ."

ಅಯ್ಯೋ ದೇವರೇ, ಸೋದರಮಾವ! ನಮ್ಮಲ್ಲಿ ಹಾಗೆ ಯೋಚಿಸಿದರೂ ಬಾಯಿ ತೊಳೆದುಕೊಳ್ಳಬೇಕು. ಇಲ್ಲಿ ಅದು ಹಕ್ಕು, ಅದು ಮರ್ಯಾದೆ, ಊರೆಲ್ಲ ಒಪ್ಪಿದ ಮಾತು. ಯಾರ ಕೈಗೆ ಕೊಡಬಾರದಿತ್ತೋ ಅವನ ಹೆಸರನ್ನೇ ನಾವಿಬ್ಬರು ಬುದ್ಧಿವಂತರು ಕಟ್ಟಳೆಯಲ್ಲಿ ಸೇರಿಸಿದ್ದೆವು! ಹಿಂದೂಪುರದ ಆ ನಿಂತ ರಾಟೆ ಕಣ್ಣಿಗೆ ಕಟ್ಟಿತು. ಅನ್ನ ಹಾಕುವ ತಮ್ಮನ ಮೇಲೆ ಪರವೂರಿನವಳ ಹತ್ತಿರ ಆ ತಾಯಿ ಏನೆಂದು ಹೇಳಬೇಕಿತ್ತು?

"ಇಂಗ್ಲಿಷರ ಸೀಮೆಯಲ್ಲಿ ಇಷ್ಟು ಚಿಕ್ಕ ಹುಡುಗಿಗೆ ಮದುವೆ ಮಾಡುವಂತಿಲ್ಲ, ಕಾನೂನಿದೆ," ಎಂದೆ.

"ಗೊತ್ತು ಕಣಮ್ಮ. ಅದಕ್ಕೇ ಗಡಿ ದಾಟಿ ಮೈಸೂರ್ ಸೀಮೆ ಗುಡಿಯಾಗೆ ಮಾಡ್ತೀವಿ. ಅಲ್ಲಿ ಕೇಳೋರಿಲ್ಲ," ಎಂದ, ನನಗೆ ಧೈರ್ಯ ಹೇಳುವವನಂತೆ. ಅಕ್ಕಿ ದಾಟಿದರೆ ಕೋಲು ಹಾಕಿ ಹುಡುಕುವ ಗಡಿ ಅದು.

ತಿರುಗಿ ಚೌಡಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆಗ ಗೊತ್ತಾಯಿತು, ಕಂಬಳಿಯೂ ಹುಣಸೆಬೀಜವೂ ಯಾಕೆ ಬಂದವೆಂದು. ನನ್ನ ಹುಟ್ಟುಗುಣವನ್ನು ಅಷ್ಟು ದಿನದಲ್ಲಿ ಸರಿಯಾಗಿ ತಿಳಿದುಕೊಂಡಿದ್ದಳು ಹುಡುಗಿ. ಬೇಡ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ನನ್ನನ್ನು ಗಾಡಿ ಹತ್ತಿಸಲು ಬಂತು. ನಾನು ಅವಳ ಕೈ ಹಿಡಿದುಕೊಂಡೆ.

ಇಳಿದು ಓಡೋಣವೆಂದರೆ ಸುತ್ತ ಬಯಲು. ಕಿರುಚಾಡಿದರೆ ಕೇಳುವುದು ಕುರಿಗಳಿಗೆ. ಈರಣ್ಣನ ಮೇಲೆ ಕೋಪ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಅವನು ದಾರಿಯಲ್ಲಿ ನೀರಿನ ಕುಡಿಕೆಯನ್ನು ಮೊದಲು ಅವಳಿಗೆ ಕೊಟ್ಟು, ಆಮೇಲೆ ನನಗೆ ಕೊಟ್ಟು, ತಾನು ಕೊನೆಗೆ ಕುಡಿದ.

ಊರು ಸೇರಿದಾಗ ಬಿಸಿಲು ಇಳಿಯತೊಡಗಿತ್ತು. ಅಂಗಳದಲ್ಲಿ ಚಪ್ಪರ, ಜನ. "ರಂಡಿ, ರಂಡಿ," ಎಂದು ತೆಲುಗಿನಲ್ಲಿ ಬನ್ನಿ ಬನ್ನಿ ಎನ್ನುತ್ತ ಹೆಂಗಸರು ಬಂದು, ಚೌಡಮ್ಮನನ್ನು ಅಲ್ಲ, ನನ್ನನ್ನು ಸುತ್ತುವರಿದರು. ಒಬ್ಬಳು ಚೊಂಬಿನ ನೀರಿನಿಂದ ನನ್ನ ಕಾಲು ತೊಳೆದಳು. ಇನ್ನೊಬ್ಬಳು ಅರಿಶಿನ ಹಚ್ಚಿದಳು. ಕಂಬಳಿ ಹಾಸಿ, ಎಲ್ಲರಿಗಿಂತ ಎತ್ತರದ ಜಾಗದಲ್ಲಿ ಕೂರಿಸಿದರು. ಇದೇನು ಇವರ ಅತಿಥಿಸತ್ಕಾರ ಎಂದು ಬೆರಗಾಗುತ್ತಿದ್ದಾಗ ಕುಲದ ಯಜಮಾನ, ಬಿಳಿ ಮೀಸೆಯ ಮುದುಕ, ಎಲ್ಲರಿಗೂ ಕೇಳುವಂತೆ ಹೇಳಿದ: "ಹೆಣ್ಣಿನ ಕಡೆಯೋರು ಬಂದ್ರು."

ಅಕ್ಕನಿಗೆ ಈರಣ್ಣ ಹೇಳಿಕಳಿಸಿದ್ದನಂತೆ, ಅವಳು ಬಂದಿರಲಿಲ್ಲ, ಉತ್ತರವೂ ಇರಲಿಲ್ಲ. ಹುಡುಗಿಯ ಕಡೆಯಿಂದ ಒಬ್ಬರೂ ಇಲ್ಲದೆ ಶಾಸ್ತ್ರ ನಡೆಯುವುದಿಲ್ಲ. ಅಷ್ಟರಲ್ಲಿ ನಾನಾಗಿಯೇ ಗಾಡಿ ಹತ್ತಿದ್ದೆ.

ಒಂದು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು, ತೆಂಗಿನಕಾಯಿ ಇಟ್ಟು ಯಜಮಾನ ನನ್ನ ಮುಂದೆ ಹಿಡಿದ. "ತಾಂಬೂಲ ಇಸ್ಕಳ್ರಿ ತಾಯಿ. ನೀವ್ ಇಸ್ಕಂಡ್ರೆ ಮಾತು ಮುಗೀತು."

ಜಗಲಿಯ ಮೂಲೆಯಲ್ಲಿ ಅಜ್ಜಿ ಮಲಗಿದ್ದಳು, ಕಣ್ಣು ನನ್ನ ಮೇಲೆ. ಈರಣ್ಣನ ಕಣ್ಣು ನನ್ನ ಮೇಲೆ. ಚೌಡಮ್ಮ ಕಂಬದ ಹಿಂದೆ. ತಹಶೀಲ್ದಾರರ ಹೆಸರು ಹೇಳಿ ಹೆದರಿಸೋಣವೆಂದು ಒಂದು ಮನಸ್ಸು. ಹೆದರಿಸಿದರೆ ನಾನು ಪರವೂರಿನವಳು, ಪೋಲೀಸಿನ ಕಡೆಯವಳು. ಸುಮ್ಮನಿದ್ದರೆ? ಇವರೇ ನನ್ನನ್ನು ಹೆಣ್ಣಿನ ಕಡೆಯವಳನ್ನಾಗಿ ಮಾಡಿ ಕೂರಿಸಿದ್ದಾರಲ್ಲ.

ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ನಾನು ಹೆಣ್ಣಿನ ಕಡೆಯವಳು ಎಂದಿರಿ. ಕಾಲು ತೊಳೆದಿರಿ. ಹಾಗಾದರೆ ಹೆಣ್ಣಿನ ಕಡೆಯ ಮಾತು ಕೇಳಿ. ಈ ತಾಂಬೂಲವನ್ನು ನಾವು ತೆಗೆದುಕೊಳ್ಳುವುದಿಲ್ಲ. ಹುಡುಗಿ ಚಿಕ್ಕವಳು, ಓದುತ್ತಿದ್ದಾಳೆ."

ಅಂಗಳದಲ್ಲಿ ಗುಜುಗುಜು ಎದ್ದಿತು. "ಯಾವೂರೋಳೋ ಏನೋ, ಇವ್ಳ ಮಾತೇನ್ ಕೇಳಾದು!" ಎಂದು ಒಬ್ಬ ಎದ್ದುನಿಂತ. ಯಜಮಾನ ಅವನನ್ನು ಕೈಸನ್ನೆಯಿಂದ ಕೂರಿಸಿದ. ತಟ್ಟೆಯನ್ನು ನೋಡಿದ, ನನ್ನ ಅರಿಶಿನದ ಕಾಲನ್ನು ನೋಡಿದ. ಅವನಿಗೂ ಸಂಕಟವೇ.

"ಕಾಲ್ ತೊಳ್ದು ಕೂರ್ಸಿದ್ ಮ್ಯಾಕೆ ಅವ್ರ ಮಾತ್ ತಳ್ಳಂಗಿಲ್ಲ ಕಣ್ಲಾ," ಎಂದ ಕೊನೆಗೆ. "ಈರಣ್ಣ, ನೀನು ನಿಮ್ಮಕ್ಕನ್ನ ಕರ್ಕಂಬಾ. ಹೆತ್ತೋಳು ಬಂದು ಹೇಳ್ಲಿ. ಅಲ್ಲೀಗಂಟ ಹುಡ್ಗಿ ಇವ್ರ ತಾವೇ ಇರ್ಲಿ."

ಈರಣ್ಣ ಅವಮಾನದಿಂದ ಕೆಂಪಾಗಿದ್ದ. ಆದರೂ ಮಾರನೆಯ ಬೆಳಗ್ಗೆ ನಮ್ಮನ್ನು ತಾನೇ ಗಾಡಿಯಲ್ಲಿ ಛತ್ರಕ್ಕೆ ತಂದುಬಿಟ್ಟ. ಒಂದು ಕಡೆ ಗಾಡಿ ನಿಲ್ಲಿಸಿ ಚಾವಟಿಯ ಕೋಲಿನಿಂದ ತೋರಿಸಿದ. ಬಿಸಿಲಿನಲ್ಲಿ ಉದ್ದಕ್ಕೆ ಕಂಬಳಿ ಹಾಸಿ ಇಬ್ಬರು ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. "ನೋಡ್ಬೇಕು ಅಂದಿದ್ರಲ್ಲ," ಎಂದ. ನನಗೆ ಅಳು ಬಂದುಬಿಟ್ಟಿತು.

ಮತ್ತೆ ಕಲ್ಯಾಣದುರ್ಗ

ಪ್ರೊಫೆಸರಿಗೆ ವಿಷಯ ಹೇಳಿದಾಗ ಅವರು ಕುರ್ಚಿಯಲ್ಲಿ ಕುಸಿದು, "ನನ್ನ ಮಾವ ನನ್ನನ್ನು ಕಾಲೇಜಿಗೆ ಕಳಿಸಿದರು," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ತಮ್ಮಲೆಯೂ ಹಾಗೇ ಎಂದೆ. ಸಂಜೆ ಅವರು ತಹಶೀಲ್ದಾರರಿಗೂ ಒಂದು ಮಾತು ತಿಳಿಸಿಬಂದರು. ಆದರೆ ತಾಯಿಯೇ ಒಪ್ಪಿ ಗಡಿ ದಾಟಿಸಿದರೆ ತಡೆಯುವುದು ಕಷ್ಟ ಎಂದು ಅಲ್ಲಿ ಹೇಳಿದರಂತೆ.

ಹೀಗಾಗಿ ಎಲ್ಲವೂ ಲಕ್ಷ್ಮಕ್ಕನ ಬಾಯಿಯ ಮೇಲೆ ನಿಂತಿತ್ತು. ತಮ್ಮನಿಗೆ ಇಲ್ಲ ಎಂದರೆ ರಾಗಿ ನಿಲ್ಲುತ್ತದೆ, ತವರು ಮುಚ್ಚುತ್ತದೆ. ಹೂಂ ಎಂದರೆ ಮಗಳ ಪುಸ್ತಕ ಮುಚ್ಚುತ್ತದೆ. ಆ ದಿನಗಳಲ್ಲಿ ಚೌಡಮ್ಮ ಎಲ್ಲರಿಗಿಂತ ಮೊದಲು ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಬಳೆ ಮಾತ್ರ ತೆಗೆದಿರಲಿಲ್ಲ. ಬರೆಯುವಾಗ ಅವು ಸದ್ದು ಮಾಡುತ್ತಿದ್ದವು.

ಇದ್ದಿಲ ಬಸ್ಸಿನಲ್ಲಿ ಅಕ್ಕತಮ್ಮ ಇಬ್ಬರೂ ಬಂದಿಳಿದರು. ಇಬ್ಬರ ಮೈಮೇಲೂ ಹೊಗೆಯ ಮಸಿ. ಲಕ್ಷ್ಮಕ್ಕ ಛತ್ರದ ಮೆಟ್ಟಿಲ ಬುಡದಲ್ಲಿ ನಿಂತರು, ಮೇಲೆ ಹತ್ತಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಹೇಳಕ್ಕ," ಎಂದ ಈರಣ್ಣ. "ನೀನ್ ಏನ್ ಹೇಳ್ತೀಯೋ ಅದು. ನಾನೇನ್ ಕಳ್ಳನಾ, ಕದ್ಕಂಡ್ ಹೋಗಾಕೆ?"

ಲಕ್ಷ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ಪ್ರೊಫೆಸರು ನನ್ನ ಕಿವಿಯಲ್ಲಿ, "ಹೆತ್ತ ತಾಯಿಯೇ ಬಂದಿದ್ದಾರೆ. ಕೇಳಿದರೆ ಕೊಡದೆ ವಿಧಿಯಿಲ್ಲ," ಎಂದು ಪಿಸುಗುಟ್ಟಿದರು. ಕಟ್ಟಳೆಯೇ ಹಾಗಿತ್ತು, ಅದರಲ್ಲಿ ಯಾರೆಲ್ಲರ ಹೆಸರಿತ್ತು! ತಂದೆ, ತಾಯಿ, ಮಾವ, ಪ್ರೊಫೆಸರು, ನಾನು. ಒಬ್ಬಳನ್ನು ಮಾತ್ರ ನಾವು ಯಾರೂ ಕೇಳಿರಲಿಲ್ಲ. ಇವರು ನಿನಗೆ ಏನಾಗಬೇಕು ಎಂದು ಕೇಳಿದ್ದೆವು, ಅಷ್ಟೆ.

ನಾನು ಚೌಡಮ್ಮನನ್ನು ಮೆಟ್ಟಿಲಿಗೆ ಕರೆದೆ.

"ಇವರು ಕರೆದುಕೊಂಡು ಹೋಗಲು ಬಂದಿದ್ದಾರೆ. ಹೋಗುತ್ತೀಯಾ?"

ಅವಳು ನನ್ನನ್ನು ಬೆರಗಿನಿಂದ ನೋಡಿದಳು. ಅಂಥ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಮ್ಮನನ್ನು ನೋಡಿದಳು, ಮಾವನನ್ನು ನೋಡಿದಳು. ಆಮೇಲೆ ಪಾಠ ಒಪ್ಪಿಸುವಾಗಿನ ಹಾಗೆ ನೆಟ್ಟಗೆ ನಿಂತು ಹೇಳಿದಳು.

"ಇನ್ನಾ ನಾಕ್ ದಿನ ಪಾಠ ಐತೆ. ಮುಗಿಸ್ಕಂಡು ಅಮ್ಮನ ಜೊತೆ ಹಿಂದೂಪುರಕ್ಕೆ ಹೋಯ್ತೀನಿ. ಬ್ರಹ್ಮಸಮುದ್ರಕ್ಕೆ ಅಜ್ಜೀನ ನೋಡಾಕ್ ಬತ್ತೀನಿ. ಮದ್ವೆಗ್ ಬರಾಕಿಲ್ಲ."

ಲಕ್ಷ್ಮಕ್ಕನ ಬೆರಳು ಸೆರಗಿನಲ್ಲಿ ಹಾಗೇ ನಿಂತಿತು. ಹಿಂದೂಪುರದ ರಾಟೆ ನಿಂತ ಹಾಗೇ ನಿಂತಿತು, ಈ ಸಲವೂ ನೂಲು ತುಂಡಾಯಿತೆಂದು ಬಗ್ಗುತ್ತಾರೇನೋ ಎಂದು ನನ್ನ ಜೀವ ಹೋಗಿ ಬಂತು. ಅವರು ಬಗ್ಗಲಿಲ್ಲ. ತಮ್ಮನ ಕಡೆ ತಿರುಗಿ, "ಕೇಳಿಸ್ತೇನೋ ಈರಾ?" ಎಂದರು. ಮೆಲ್ಲಗೇ ಅಂದರು, ಆದರೆ ಪ್ರೊಫೆಸರಿಗೂ ಅರ್ಥವಾಯಿತು. ಮಗಳ ಪಾಠ ಮುಗಿಯುವವರೆಗೆ ಕಾಯುವವರ ಹಾಗೆ ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಚೌಡಮ್ಮ ಮಾವನ ಮುಂದೆ ಹೋಗಿ ಬಳೆ ತೆಗೆಯತೊಡಗಿದಳು. ಅವು ಅಂಗೈ ದಾಟಿ ಬರುತ್ತಿರಲಿಲ್ಲ. ಈರಣ್ಣ ಸ್ವಲ್ಪ ಹೊತ್ತು ನೋಡಿದ. ಅವನ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಆಮೇಲೆ ಅವಳ ಕೈ ಹಿಡಿದು, ಎಳೆಯುತ್ತಿದ್ದ ಬಳೆಯನ್ನು ಮತ್ತೆ ಮೇಲಕ್ಕೆ ಸರಿಸಿದ.

"ಒಡ್ದೋಯ್ತವೆ, ಬಿಡೇ. ಹಾಕ್ಕಂಡಿರು," ಎಂದ. "ಯಾರಾನಾ ಕೇಳಿದ್ರೆ ನಮ್ ಸೋದರಮಾವ ಕೊಡ್ಸಿದ್ದು ಅನ್ನು."